ಅಳಿಯ ಐಸ್ ಇಟ್ಟ ದಿನ

ಸಮುದ್ರದ ನೀರು ಚೊಕ್ಕವಾಗಿದೆ ಎಂದು ತಲೆ ಮೇಲೆ ಕೈ ಹೊತ್ತು ಕೂತ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕಂಡಿರಲಾರಿರಿ. ನಾನು ಹೇಳಹೊರಟಿರುವ ಈ ಅಳಿಯನನ್ನು ಬಿಟ್ಟರೆ ಅಂಥವನು ಇನ್ನೊಬ್ಬ ಹುಟ್ಟಿಲ್ಲ.

ಅವನ ಕೆಲಸ ಕೊಲ್ಲಿಯ ನೀರಿನ ಪರೀಕ್ಷೆ. ಹದಿನೈದು ದಿನಕ್ಕೊಮ್ಮೆ, ಸಮುದ್ರ ಇಳಿದಿರುವ ಬೆಳಗಿನ ಹೊತ್ತು ನೋಡಿ, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ನೀರಿಗಿಳಿಯಬೇಕು. ಕೋಲಿನ ತುದಿಗೆ ಕಟ್ಟಿದ ಬಾಟಲಿಯಲ್ಲಿ ನೀರು ಹಿಡಿದು, ಐಸ್ ಇಟ್ಟ ಪೆಟ್ಟಿಗೆಯಲ್ಲಿ ಜೋಪಾನ ಮಾಡಿ ಲ್ಯಾಬಿಗೆ ಒಯ್ಯಬೇಕು. ಆಮೇಲೆ ಆ ನೀರಿನಲ್ಲಿ ಮನುಷ್ಯರ ಹೊಟ್ಟೆಯಿಂದ ಹೊರಬಿದ್ದದ್ದು ಎಷ್ಟಿದೆ ಎಂದು ನೋಡಬೇಕು. ಯಾಕೆಂದರೆ ಆ ಕೊಲ್ಲಿಯಲ್ಲಿ ಹಗ್ಗ ಇಳಿಬಿಟ್ಟು ಚಿಪ್ಪುಮೀನು ಬೆಳೆಸುತ್ತಾರೆ. ಚಿಪ್ಪುಮೀನಿಗೆ ಓಡಾಟವಿಲ್ಲ, ಬೇಟೆಯಿಲ್ಲ, ನಾಚಿಕೆಯಂತೂ ಮೊದಲೇ ಇಲ್ಲ. ಇದ್ದಲ್ಲೇ ಬಾಯಿ ಬಿಟ್ಟುಕೊಂಡು ಇಡೀ ದಿನ ನೀರು ಸೋಸುತ್ತದೆ. ನೀರಿನಲ್ಲಿ ಏನು ಬಂತೋ ಅದು ಅದರ ಹೊಟ್ಟೆಗೆ, ಅದರ ಹೊಟ್ಟೆಯದ್ದು ತಿಂದವರ ಹೊಟ್ಟೆಗೆ. ಆ ದಾರಿಯ ಬಾಗಿಲಲ್ಲಿ ಕಾವಲು ನಿಂತವನು ಅಳಿಯ.

ಊರಿನವರು ಎದುರಿಗೆ ಅವನನ್ನು ನೀರಿನ ಸಾಹೇಬ್ರು ಎನ್ನುತ್ತಿದ್ದರು. ಬೆನ್ನ ಹಿಂದೆ ಏನೆನ್ನುತ್ತಿದ್ದರು ಎಂಬುದನ್ನು ನಾನು ಬರೆಯುವುದಿಲ್ಲ. ಊಟ ಮಾಡುತ್ತಾ ಓದುವವರೂ ಇರುತ್ತಾರೆ. ಅವನಿಗೆ ಅದರಿಂದ ಬೇಜಾರೂ ಇರಲಿಲ್ಲ. ಅವನಿಗಿದ್ದ ಹೆಮ್ಮೆ ಒಂದೇ: ಇಷ್ಟು ವರ್ಷದಲ್ಲಿ ಒಂದೇ ಒಂದು ಸುಳ್ಳು ಸಂಖ್ಯೆ ಬರೆದವನಲ್ಲ. ಬಾಟಲಿ ಏನು ಹೇಳಿತೋ ಅದನ್ನೇ ಬರೆದ. ಬೇರೆಯವರು ಕಾರು, ಬಂಗಲೆ ಎಂದು ಬೀಗಿದರೆ ಅವನು ಇದೊಂದನ್ನು ಹಿಡಿದುಕೊಂಡು ತಲೆಯೆತ್ತಿ ಓಡಾಡುತ್ತಿದ್ದ.

ಅವನಿದ್ದದ್ದು ಅತ್ತೆಯ ಮನೆಯಲ್ಲಿ. ಮನೆ ಅಳಿಯ ಎನ್ನಿಸಿಕೊಳ್ಳಬಾರದೆಂದು ಮದುವೆಯಾದ ಹೊಸದರಲ್ಲಿ ಬಾಡಿಗೆ ಮನೆ ಹುಡುಕಿದ್ದೂ ಉಂಟು. ಅತ್ತೆ ಒಂದೇ ಮಾತಿನಲ್ಲಿ ಆ ವಿಚಾರದ ಕತ್ತು ಹಿಸುಕಿದರು. "ನೀವು ಅಳೆಯೋ ನೀರು ನಮ್ಮ ಮನೆ ಹಿಂದೆ ಇದೆ. ನೀವು ಊರಾಚೆ ಹೋಗಿ ಕೂತ್ಕೊಳ್ತೀರಾ? ತಲೆ ಸರಿ ಇದೆಯಾ?" ಮಾತು ಸರಿಯಾಗಿಯೇ ಇತ್ತು. ಸಮುದ್ರಕ್ಕೆ ಇಳಿಯುವ ಬೀದಿಯ ಕಟ್ಟಕಡೆಯ ಮನೆ ಅವರದು. ಮನೆ ದಾಟಿದರೆ ತಡೆಗೋಡೆ, ತಡೆಗೋಡೆ ದಾಟಿದರೆ ಕಲ್ಲಿನ ಮೆಟ್ಟಿಲು, ಮೆಟ್ಟಿಲು ಇಳಿದರೆ ಕೊಲ್ಲಿ.

ಅತ್ತೆಯನ್ನು ಬೀದಿಯವರೆಲ್ಲ ದೊಡ್ಡಮ್ಮ ಎಂದು ಕರೆಯುತ್ತಿದ್ದರು. ಯಾರ ಮನೆಯಲ್ಲಿ ಜಗಳವಾದರೂ ದೊಡ್ಡಮ್ಮ ಬರಬೇಕು, ಯಾರ ಮಗು ಓದದಿದ್ದರೂ ದೊಡ್ಡಮ್ಮ ಕಣ್ಣು ಬಿಡಬೇಕು. ಅವರಿಗೆ ಮಾನ ಎಂದರೆ ಪ್ರಾಣ. ಒಳಬಟ್ಟೆಯನ್ನು ಬೀದಿಗೆ ಕಾಣುವ ತಂತಿಯ ಮೇಲೆ ಒಣಹಾಕಿದವರಲ್ಲ. ನೆಂಟರಿದ್ದಾಗ ಹೊಟ್ಟೆ ಕೆಟ್ಟರೆ ತಲೆನೋವು ಎನ್ನುವವರು.

ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಕಚೇರಿಯ ಫ್ರಿಜ್ ಕೆಟ್ಟು ಕೂತಿತ್ತು. ಹೊಸದು ಕೊಡಿ ಎಂದು ಅಳಿಯ ಕೇಳಿಕೊಂಡದ್ದಕ್ಕೆ ಮೇಲಿನವರು ಕಿವಿ ಕೊಟ್ಟಿರಲಿಲ್ಲ. ಹಾಗಾಗಿ ನೀರು ಹಿಡಿಯುವ ಹಿಂದಿನ ಸಂಜೆ ಅವನು ಐಸ್ ಪ್ಯಾಕುಗಳನ್ನು ಮನೆಗೆ ತಂದು ಅತ್ತೆಯ ಫ್ರಿಜ್ಜಿನಲ್ಲೇ ಗಟ್ಟಿಯಾಗಲು ಇಡುತ್ತಿದ್ದ. ಅತ್ತೆ ಒಂದು ದಿನವೂ ಗೊಣಗಲಿಲ್ಲ. ತಾವೇ ಡಬ್ಬಿಗಳನ್ನು ಸರಿಸಿ ಜಾಗ ಮಾಡಿಕೊಡುತ್ತಿದ್ದರು. ಇಂಥ ಅತ್ತೆ ಯಾರಿಗೆ ಸಿಗುತ್ತಾರೆ ಎಂದು ಅಳಿಯ ಒಳಗೊಳಗೇ ಹಿಗ್ಗುತ್ತಿದ್ದ.

ಒಂದು ದಿನ ಊಟಕ್ಕೆ ಕೂತಾಗ ಅವನಿಗೆ ಬಡಾಯಿ ಕೊಚ್ಚಿಕೊಳ್ಳುವ ಹುಕಿ ಬಂತು. ಲ್ಯಾಬಿಗೆ ಹೊಸ ಯಂತ್ರ ಬಂದಿತ್ತು.

"ಒಂದು ಲೋಟ ನೀರು ಸಾಕು ಅತ್ತೆ. ಅದರಲ್ಲಿರೋದು ನಾಯಿದಾ, ಹಕ್ಕಿದಾ, ಮನುಷ್ಯಂದಾ, ಎಲ್ಲಾ ಬಾಯಿ ಬಿಟ್ಟು ಹೇಳಿಬಿಡುತ್ತೆ. ಇನ್ಮೇಲೆ ಯಾರೂ ಏನೂ ಮುಚ್ಚಿಡೋಕಾಗಲ್ಲ."

ಅತ್ತೆ ಬಡಿಸುತ್ತಿದ್ದ ಸೌಟು ಗಾಳಿಯಲ್ಲೇ ನಿಂತಿತು. "ಎಲ್ಲಾನೂ ಹೇಳುತ್ತಾ?" ಎಂದರು.

"ಎಲ್ಲಾನೂ," ಎಂದ ಅಳಿಯ, ತಟ್ಟೆಯಿಂದ ತಲೆ ಎತ್ತದೆ.

ಹೆಂಡತಿ ಅಮ್ಮನ ಮುಖ ನೋಡಿದಳು. ಅಳಿಯ ಮಾತ್ರ ಇನ್ನೊಂದು ಸೌಟು ಹಾಕಿಸಿಕೊಂಡು ಉಂಡು ಎದ್ದ.

ಅಲ್ಲಿಂದಾಚೆಗೆ ಕೊಲ್ಲಿಯ ನೀರು ಕನ್ನಡಿಯಂತಾಯಿತು. ಮುಂಚೆ ಆಗೊಮ್ಮೆ ಈಗೊಮ್ಮೆ ಗಲೀಜು ಕಂಡು ಚಿಪ್ಪು ಮಾರುವುದನ್ನು ನಿಲ್ಲಿಸಬೇಕಾಗುತ್ತಿತ್ತು, ಈಗ ಪ್ರತಿ ಸಲವೂ ಚೊಕ್ಕ. ಮೊದಮೊದಲು ಅಳಿಯ ಖುಷಿಪಟ್ಟ. ಮೇಲಿನವರು ಶಾಭಾಸ್ ಎಂದರು. ಚಿಪ್ಪು ಬೆಳೆಯುವವರೂ ಚೆನ್ನಾಗಿ ಮಾರಿದರು. ಅವರಲ್ಲಿ ದೊಡ್ಡವಳು ಅದೇ ಬೀದಿಯ ಚಿಪ್ಪಿನಕ್ಕ. ಗಂಡನಿಲ್ಲದ, ಬಾಯಿ ಜೋರಿನ ಹೆಂಗಸು. ಅವಳ ಹಗ್ಗಗಳು ಮೆಟ್ಟಿಲಿನ ಎದುರಿಗೇ, ಮಳೆನೀರಿನ ಪೈಪು ಸಮುದ್ರಕ್ಕೆ ಬಾಯಿ ಬಿಡುವ ಜಾಗದಲ್ಲೇ ಇದ್ದವು. ವಿಚಿತ್ರವೆಂದರೆ, ನೀರು ಚೊಕ್ಕವಾದಷ್ಟೂ ಊರಿನವರ ಹೊಟ್ಟೆ ಕೆಡುತ್ತಾ ಹೋಯಿತು. ಇವತ್ತು ಇವರಿಗೆ ವಾಂತಿ, ನಾಳೆ ಅವರಿಗೆ ಭೇದಿ. ಬೀದಿಯ ಡಾಕ್ಟರು ಹವಾಮಾನಕ್ಕೆ ಬೈದರು. ಅಳಿಯ ತನ್ನ ಸಂಖ್ಯೆಗಳನ್ನು ನೋಡಿಕೊಂಡು, ಇದು ಚಿಪ್ಪಿನದಲ್ಲ ಎಂದು ಸಮಾಧಾನ ಮಾಡಿಕೊಂಡ.

ಆಮೇಲೆ ಒಂದು ಸಂಜೆ ಕೇಂದ್ರ ಕಚೇರಿಯ ಮೇಡಂ ಫೋನ್ ಮಾಡಿದರು.

"ನಮ್ಮ ತಮ್ಮನ ಮನೆ ಊಟದಲ್ಲಿ ನಿಮ್ಮ ಕೊಲ್ಲಿಯ ಚಿಪ್ಪು ತಿಂದೆ," ಎಂದರು.

"ತುಂಬಾ ಸಂತೋಷ ಮೇಡಂ."

"ಒಂದು ವಾರ ಬಚ್ಚಲುಮನೆ ಬಿಟ್ಟು ಈಚೆ ಬರಲಿಲ್ಲ."

ಅಳಿಯನ ಸಂತೋಷ ಗಂಟಲಲ್ಲೇ ಒಣಗಿತು. ಮೇಡಂ ಕೋಪ ಮಾಡಿಕೊಳ್ಳಲಿಲ್ಲ, ಮಾಡಿಕೊಂಡಿದ್ದರೇ ವಾಸಿಯಿತ್ತು. ಶೀತದಿಂದ ಕಟ್ಟಿದ ಮೂಗಿನಲ್ಲೇ, ಪಾಠ ಹೇಳುವವರಂತೆ ಒಂದೊಂದೇ ಬಿಡಿಸಿ ಹೇಳಿದರು. ಉಳಿದ ಚಿಪ್ಪನ್ನು ಪರೀಕ್ಷೆ ಮಾಡಿಸಿದ್ದರು. ಅದರ ಹೊಟ್ಟೆಯಲ್ಲಿ ಮನುಷ್ಯರ ಹೊಟ್ಟೆಯ ವೈರಸ್ ಇತ್ತು. ಆಮೇಲೆ ಯಾರಿಗೂ ಹೇಳದೆ ತಾವೇ ಬಂದು ನೀರು ಹಿಡಿದಿದ್ದರು. ಅದರಲ್ಲೂ ಗಲೀಜು ಬೇಕಾದಷ್ಟಿತ್ತು.

"ನೀರು ಆ ಹೊತ್ತಿನದ್ದು ಮಾತ್ರ ಹೇಳುತ್ತೆ, ಚಿಪ್ಪು ವಾರಗಟ್ಟಲೆ ಇಟ್ಕೊಂಡಿರುತ್ತೆ. ನಾನು ಹಿಡಿದ್ರೆ ಗಲೀಜು, ನೀವು ಹಿಡಿದ್ರೆ ಗಂಗಾಜಲ. ಇದಕ್ಕೆ ಅರ್ಥ ಒಂದೇ. ನೀವು ಬರೋ ದಿನ ಯಾರಿಗೋ ಮುಂಚೆನೇ ಗೊತ್ತಾಗ್ತಿದೆ. ಅವರು ಅವತ್ತು ಬಿಡೋದನ್ನ ನಿಲ್ಲಿಸ್ತಿದ್ದಾರೆ. ಆ ಮೂಲೆ ಹೋಟೆಲಿನವರು ನಿಮಗೆ ಪರಿಚಯ ತಾನೇ?"

"ಮೇಡಂ, ಆ ಹೋಟೆಲಿನ ಕಕ್ಕಸಿಗೆ ನಾನೇ ಹಸಿರು ಬಣ್ಣ ಸುರಿದು ನೋಡಿದ್ದೀನಿ. ಅವರ ಪೈಪಿನಿಂದ ಒಂದು ಹನಿಯೂ ಸಮುದ್ರಕ್ಕೆ ಬರಲ್ಲ."

"ನಾಳೆ ಬೆಳಿಗ್ಗೆ ಬರ್ತೀನಿ. ಈ ವಿಷಯ ಗೊತ್ತಿರೋದು ನನಗೆ, ನಿಮಗೆ. ಇಬ್ಬರೂ ಒಟ್ಟಿಗೆ ನೀರು ಹಿಡಿಯೋಣ. ಗಲೀಜು ಸಿಕ್ಕಿದ್ರೆ ನೀವು ಬಾಯಿ ಬಿಟ್ಟಿಲ್ಲ ಅಂತ ಆಯ್ತು. ಚೊಕ್ಕವಾಗಿದ್ರೆ ಸುಳಿವು ಕೊಟ್ಟವರು ನೀವೇ. ಆಮೇಲೆ ಕೆಲಸದ ಆಸೆ ಬಿಡಿ."

ಫೋನ್ ಇಟ್ಟ ಅಳಿಯ ಗರ ಬಡಿದವನಂತೆ ಕೂತ. ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಕಳ್ಳರ ಜೊತೆ ಶಾಮೀಲಾದವನು ಎಂಬ ಹೆಸರು ಹೋಗುವುದೆಲ್ಲಿಗೆ? ಒಂದು ಸುಳ್ಳು ಸಂಖ್ಯೆ ಬರೆಯದವನು ಈಗ ಸಮುದ್ರದಲ್ಲಿ ಹೊಲಸಿರಲಪ್ಪಾ ಎಂದು ಬೇಡಿಕೊಳ್ಳಬೇಕಾಯಿತು. ಅವನಿಗೆ ಭಯವೂ ಆಯಿತು, ಅಳುವೂ ಬಂತು. ಯಾರಿಗೂ ಹೇಳಲಿಲ್ಲ. ಹೆಂಡತಿ ಕೇಳಿದರೆ ತಲೆನೋವು ಎಂದ. ಎಷ್ಟಾದರೂ ಆ ಮನೆಯ ಅಳಿಯ.

ಆದರೆ ಐಸ್ ಇಡದೆ ಆಗುತ್ತದೆಯೇ? ಪ್ಯಾಕುಗಳನ್ನು ಹಿಡಿದು ಅಡುಗೆಮನೆಗೆ ಹೋದ.

"ಈ ವಾರ ಇಲ್ಲ ಅಂದ್ಕೊಂಡಿದ್ದೆ," ಎಂದರು ಅತ್ತೆ.

"ಸುಮ್ನೆ ಅತ್ತೆ. ಐಸ್ ಬೇಕಿತ್ತು."

"ಮುಖ ಯಾಕೆ ಹಿಂಗೆ ಬಾಡಿದೆ?"

"ಏನಿಲ್ಲ."

ಅತ್ತೆ ಅವನ ಮುಖವನ್ನು ಒಂದು ಗಳಿಗೆ ದಿಟ್ಟಿಸಿದರು. ಡಬ್ಬಿ ಸರಿಸಿ ಜಾಗ ಮಾಡಿದರು. ಆಮೇಲೆ ಒಂದು ಕೆಂಪು ಟವೆಲನ್ನು ನೀರಲ್ಲಿ ಅದ್ದಿ, ಹಿಂಡಿ, ಬೀದಿಗೆ ಕಾಣುವ ತಂತಿಯ ಮೇಲೆ ಹರವಲು ಹೋದರು. ಒಗೆದ ಟವೆಲನ್ನು ಮತ್ತೆ ಯಾಕೆ ಅದ್ದುತ್ತಾರೆ ಎಂದು ಕೇಳುವಷ್ಟು ಜೀವ ಅಳಿಯನಲ್ಲಿ ಉಳಿದಿರಲಿಲ್ಲ.

ಬೆಳಿಗ್ಗೆ ಮೇಡಂ ಮೆಟ್ಟಿಲ ಹತ್ತಿರ ಮೂಗೊರೆಸಿಕೊಳ್ಳುತ್ತಾ ನಿಂತಿದ್ದರು. ಯಾರದೋ ಬೂಟು ತಂದಿದ್ದರು. ಹೆಜ್ಜೆಯಿಟ್ಟಾಗ ಕಾಲು ಮುಂದೆ, ಬೂಟು ಹಿಂದೆ. ಸಮುದ್ರ ಚೆನ್ನಾಗಿ ಇಳಿದಿತ್ತು. ಮಳೆನೀರಿನ ಪೈಪಿನ ಬಾಯಿ ಒಣಗಿತ್ತು. ಅಳಿಯ ಬಾಟಲಿ ತೆಗೆದ, ಕೋಲು ತೆಗೆದ, ಚೀಲದೊಳಗೆ ಕೈಯಾಡಿಸಿದ. ಕೈ ತಡಕಿತು, ಮತ್ತೆ ತಡಕಿತು. ಥರ್ಮಾಮೀಟರ್ ಇಲ್ಲ! ನಿದ್ದೆಗೆಟ್ಟ ತಲೆಯಲ್ಲಿ ಊಟದ ಮೇಜಿನ ಮೇಲೇ ಬಿಟ್ಟು ಬಂದಿದ್ದ. ನೀರು ಎಷ್ಟು ಬೆಚ್ಚಗಿದೆ ಎಂದು ನೋಡದೆ ನೀರು ಹಿಡಿಯುವುದು ಅವನ ಮಟ್ಟಿಗೆ ಮಹಾ ಅಪರಾಧ.

"ಥರ್ಮಾಮೀಟರ್ ಮನೇಲಿ ಉಳೀತು ಮೇಡಂ, ಮನೆ ಇಲ್ಲೇ. ಓಡಿ ಹೋಗಿ ಓಡಿ ಬಂದೆ."

"ಓಡಿ ಹೋಗಿ," ಎಂದರು ಮೇಡಂ, ಅವನನ್ನೇ ನೋಡುತ್ತಾ.

ಅಳಿಯ ಮೆಟ್ಟಿಲು ಹತ್ತಿ, ತಡೆಗೋಡೆ ಸುತ್ತಿ, ಬೀದಿಗೆ ತಿರುಗಿದ. ತಿರುಗಿದವನು ನಿಂತೇಬಿಟ್ಟ.

ಇಡೀ ಬೀದಿ ರಸ್ತೆಯಲ್ಲಿತ್ತು. ಎಲ್ಲರೂ ಅವನಿಗೆ ಬೆನ್ನು ಹಾಕಿ ಬಸ್ ನಿಲ್ದಾಣದ ಕಡೆಗೆ ಸಾಲಾಗಿ ನಡೆಯುತ್ತಿದ್ದರು. ಒಬ್ಬರ ಹೆಗಲಲ್ಲಿ ಟವೆಲ್, ಒಬ್ಬರ ಕೈಯಲ್ಲಿ ಸೋಪಿನ ಡಬ್ಬಿ, ಅವನ ಹೆಂಡತಿಯ ಬಾಯಲ್ಲಿ ಬ್ರಷ್ಷು. ನಿವೃತ್ತರಾದ ಮೇಷ್ಟ್ರನ್ನು ಇಬ್ಬರು ಎರಡು ಕಡೆ ಹಿಡಿದುಕೊಂಡು ನಡೆಸುತ್ತಿದ್ದರು. ಪಾಪ, ಅವರು ಮೂರು ಹೆಜ್ಜೆ ಇಟ್ಟು ಒಂದು ಸಲ ಕಣ್ಣು ಮುಚ್ಚುತ್ತಿದ್ದರು. ಚಿಪ್ಪಿನಕ್ಕನಂಥ ಚಿಪ್ಪಿನಕ್ಕನೇ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಯಾರ ಮುಖದಲ್ಲೂ ನಗುವಿಲ್ಲ. ನಗುವ ಧೈರ್ಯ ಆ ಹೊತ್ತಿನಲ್ಲಿ ಯಾರಿಗೂ ಇದ್ದಂತಿರಲಿಲ್ಲ. ಎಲ್ಲರಿಗಿಂತ ಮುಂದೆ, ಮಡಿಚಿದ ಕೊಡೆಯನ್ನು ಕೋಲಿನಂತೆ ಹಿಡಿದು, ಅತ್ತೆ.

"ಅತ್ತೆ!"

ಸಾಲು ನಿಂತಿತು. ಅತ್ತೆ ತಿರುಗಿ ನೋಡಿ, ಕಳ್ಳ ಸಿಕ್ಕಿಬಿದ್ದಂತೆ ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿ, "ನೀವು ಯಾಕೆ ಬಂದ್ರಿ? ಹೋಗಿ, ಧೈರ್ಯವಾಗಿ ನೀರು ಹಿಡೀರಿ. ನಾವಿದ್ದೀವಲ್ಲ," ಎಂದರು.

"ಎಲ್ಲಿಗೆ ಹೊರಟಿದ್ದೀರಿ ಎಲ್ಲರೂ?"

"ಬಸ್ ಸ್ಟ್ಯಾಂಡಿಗೆ. ಅಲ್ಲಿ ಕಕ್ಕಸು ಚೆನ್ನಾಗಿದೆ."

"ಮನೇಲಿ ಏನಾಗಿದೆ?"

"ಮನೇದಕ್ಕೆ ಏನಾಗಿದೆ? ಚೆನ್ನಾಗೇ ಇದೆ. ಆದ್ರೆ ಇವತ್ತು ಐಸ್ ಇಟ್ಟ ದಿನ ಅಲ್ವಾ? ನಾವು ಮನೇಲಿ ಹೋದ್ರೆ ಅದು ನಿಮ್ಮ ಬಾಟ್ಲಿಗೆ ಬರುತ್ತೆ. ನಿಮ್ಮ ಯಂತ್ರ ಇದು ಯಾರ ಮನೇದು ಅಂತ ಎಲ್ಲರ ಎದುರಿಗೆ ಹೇಳುತ್ತೆ. ನೀರಿನ ಸಾಹೇಬ್ರ ಅತ್ತೆ ಮನೇದು ಅಂತ ಹೇಳಿದ್ರೆ ನಿಮ್ಮ ಮರ್ಯಾದೆ ಏನಾಗ್ಬೇಕು? ಅದಕ್ಕೆ ನೀವು ಐಸ್ ಇಟ್ಟ ಸಂಜೆ ನಾನು ಕೆಂಪು ಟವೆಲ್ ಹಾಕ್ತೀನಿ. ಆಮೇಲೆ ಬೀದೀಲಿ ಒಬ್ಬರೂ ಫ್ಲಶ್ ಮಾಡಲ್ಲ. ಇವತ್ತಿನವರೆಗೂ ಒಂದು ಸಲಾನೂ ತಪ್ಪಿಲ್ಲ."

"ಒಂದು ಸಲ ತಪ್ಪೋದ್ರಲ್ಲಿತ್ತು," ಎಂದರು ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ.

ಅಳಿಯನಿಗೆ ಬೀದಿಯೇ ಒಂದು ಸುತ್ತು ತಿರುಗಿದಂತಾಯಿತು. "ಅತ್ತೆ, ಯಂತ್ರ ಮನುಷ್ಯಂದು ಅಂತ ಹೇಳುತ್ತೆ ಅಷ್ಟೇ! ಮನೆ ನಂಬರ್ ಹೇಳಲ್ಲ!"

"ಮತ್ತೆ ಎಲ್ಲಾನೂ ಹೇಳುತ್ತೆ ಅಂದ್ರಲ್ಲ ಅವತ್ತು?"

"ಅದೂ ಅಲ್ದೆ ನಮ್ಮ ಬೀದಿಯದ್ದು ಊರಿನ ದೊಡ್ಡ ಚರಂಡಿಗೆ ಹೋಗುತ್ತೆ. ಕಚೇರಿ ನಕ್ಷೆಯಲ್ಲಿ ಹಾಗೇ ಇದೆ."

"ನಕ್ಷೆ ಬರೆದೋರು ಇಲ್ಲಿ ಬಂದು ನಿಂತಿದ್ರಾ? ರಸ್ತೆ ಅಗೆದವರು ಇದು ಹತ್ತಿರ ಆಗುತ್ತೆ ಅಂತ ಮಳೆನೀರಿನ ಪೈಪಿಗೆ ಜೋಡಿಸಿ ಹೋದ್ರು. ನಾನೇ ಅವರಿಗೆ ಟೀ ಕೊಟ್ಟಿದ್ದೀನಿ."

"ನನಗೆ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ. ಊಟದ ಹೊತ್ತಲ್ಲಿ ಇಂಥದ್ದನ್ನೆಲ್ಲ ನಾನಾಗೇ ಎತ್ತಿ ಮಾತಾಡ್ಲಾ?"

ಅಳಿಯ ನಡುಬೀದಿಯಲ್ಲಿ ಅದೆಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಮೇಡಂ ಫೋನು, ಚಿಪ್ಪಿನ ವೈರಸ್, ಇವತ್ತಿನ ಪಣ. ನೀರು ಚೊಕ್ಕವಾಗಿದ್ದರೆ ತಾನು ಕಳ್ಳ ಎಂಬುದನ್ನು ಎರಡು ಸಲ ಹೇಳಬೇಕಾಯಿತು, ಯಾಕೆಂದರೆ ಮೊದಲ ಸಲ ಯಾರೂ ನಂಬಲಿಲ್ಲ. ಹೇಳುತ್ತಾ ಹೇಳುತ್ತಾ ಅವನ ದನಿ ಒಡೆಯಿತು. ಅತ್ತೆಯ ಮುಖ ಬಿಳಿಚಿಕೊಂಡಿತು.

"ಹಾಗಾದ್ರೆ ನಿಮ್ಮ ಕೆಲಸಕ್ಕೆ ಕುತ್ತು ತಂದಿದ್ದು ನಾನೇನಾ?"

ಅವನಿಗೆ ಸಿಟ್ಟು ಬಂದಿತ್ತು, ನಿಜ. ಆದರೆ ತನ್ನ ಮಾನ ಉಳಿಸಲೆಂದು ಈ ವಯಸ್ಸಿನಲ್ಲಿ ಹೊಟ್ಟೆ ಹಿಡಿದುಕೊಂಡು ಬಸ್ ನಿಲ್ದಾಣಕ್ಕೆ ನಡೆದ ಹೆಂಗಸಿನ ಮೇಲೆ ಆ ಸಿಟ್ಟನ್ನು ಹೇಗೆ ತೋರಿಸುವುದು? ಅವನು ಸಾಲಿನ ಕಡೆ ತಿರುಗಿ ಕೈ ಮುಗಿದ.

"ದಯವಿಟ್ಟು ಎಲ್ಲರೂ ವಾಪಸ್ ಮನೆಗೆ ಹೋಗಿ. ನಿಮ್ಮ ನಿಮ್ಮ ಮನೇಲೇ ಹೋಗಿ. ಈಗ್ಲೇ ಹೋಗಿ!"

"ಇಷ್ಟು ಹೊತ್ತು ತಡಕೊಳ್ಳಿ ಅಂದ್ರಿ, ತಡಕೊಂಡ್ವಿ," ಎಂದ ಮೇಷ್ಟ್ರನ್ನು ಹಿಡಿದಿದ್ದವರಲ್ಲೊಬ್ಬ. "ಈಗ ಹೋಗಿ ಅಂದ ತಕ್ಷಣ ಹೋಗೋಕೆ ಇದೇನು ನಲ್ಲಿನಾ ಸಾಹೇಬ್ರೇ?"

"ನನ್ನನ್ನ ಬಿಡ್ರೋ, ನಾನು ಹೋಗ್ತೀನಿ," ಎಂದರು ಮೇಷ್ಟ್ರು.

"ಏನ್ ನಡೀತಿದೆ ಇಲ್ಲಿ?"

ಬೆನ್ನ ಹಿಂದಿನಿಂದ ಆ ಕಟ್ಟಿದ ಮೂಗಿನ ದನಿ ಬಂದಾಗ ಅಳಿಯನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಓಡಿ ಹೋದವನು ಯಾರಿಗೆ ಸುಳಿವು ಕೊಡುತ್ತಾನೆ ನೋಡೋಣವೆಂದು ಮೇಡಂ ಮೆಟ್ಟಿಲು ಹತ್ತಿ ಬಂದಿದ್ದರು. ಬಂದು ನೋಡಿದರೆ ಅವನು ಊರವರನ್ನು ಕಲೆಹಾಕಿಕೊಂಡು ಕೈ ಮುಗಿಯುತ್ತಿದ್ದಾನೆ.

"ಥರ್ಮಾಮೀಟರ್ ತರೋಕೆ ಇಷ್ಟು ಜನ ಬೇಕಾ?" ಎಂದರು.

"ವಾಕಿಂಗ್ ಮೇಡಂ," ಎಂದಳು ಹೆಂಡತಿ, ಬ್ರಷ್ಷು ತೆಗೆದು. "ದಿನಾ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ವಾಕಿಂಗ್ ಹೋಗ್ತೀವಿ."

ಮೇಡಂ ಸೋಪಿನ ಡಬ್ಬಿ ನೋಡಿದರು. ಟವೆಲ್ ನೋಡಿದರು. ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಯಾವ ಕೋನದಿಂದ ನೋಡಿದರೂ ವಾಕಿಂಗ್ ಹೊರಟವರಂತೆ ಕಾಣುತ್ತಿರಲಿಲ್ಲ.

"ಮೇಡಂ, ನಾನು ಯಾರಿಗೂ ಒಂದು ಮಾತೂ ಹೇಳಿಲ್ಲ," ಎಂದ ಅಳಿಯ. ಅದು ನಿಜವೇ ಆಗಿತ್ತು. ನಿಜ ಹೇಳುವಾಗಲೂ ಸುಳ್ಳು ಹೇಳಿದಂತೆ ಕೇಳಿಸಿದ್ದು ಅವನ ಜೀವನದಲ್ಲಿ ಅದೇ ಮೊದಲು.

ಆಗ ಅತ್ತೆ ಕೊಡೆ ಊರಿಕೊಂಡು ಮುಂದೆ ಬಂದರು. ಮೇಲಿನ ಬೀದಿಯವರೂ ಬಂದು ನಿಂತು ನೋಡುತ್ತಿದ್ದರು.

"ಅವರು ಹೇಳಿಲ್ಲಮ್ಮಾ. ಅವರು ಐಸ್ ಇಟ್ರು, ಅಷ್ಟೇ. ಉಳಿದಿದ್ದೆಲ್ಲಾ ನಾನು ಮಾಡಿದ್ದು." ಎಂದೂ ದನಿ ನಡುಗದ ಅತ್ತೆಯ ದನಿ ನಡುಗಿತು. ಆದರೆ ನಿಲ್ಲಲಿಲ್ಲ. "ನಮ್ಮ ಮನೆ ಕಕ್ಕಸಿನದ್ದು ಸಮುದ್ರಕ್ಕೆ ಹೋಗುತ್ತೆ. ನಮ್ಮ ಬೀದಿಯದ್ದೆಲ್ಲಾ ಅಲ್ಲಿಗೇ ಹೋಗುತ್ತೆ. ಮರ್ಯಾದೆ ಹೋಗುತ್ತೆ ಅಂತ ಇವರು ನೀರು ಹಿಡಿಯೋ ದಿನ ನಾನೇ ಎಲ್ಲರನ್ನೂ ತಡೆದು ಬಸ್ ಸ್ಟ್ಯಾಂಡಿಗೆ ಕರ್ಕೊಂಡು ಹೋಗ್ತಿದ್ದೆ. ನಮ್ಮ ಅಳಿಯಂಗೆ ಇದರ ಗಂಧವೂ ಗೊತ್ತಿಲ್ಲ."

ಮೇಡಂ ಮುಖದ ಒಂದು ಗೆರೆಯೂ ಅಲುಗಲಿಲ್ಲ. "ಮನೆಯವರು ಮನೆಯವರನ್ನ ಉಳಿಸೋಕೆ ಏನು ಬೇಕಾದ್ರೂ ಹೇಳ್ತಾರೆ. ಇದನ್ನ ನಾನು ನಂಬೋದು ಹೇಗೆ?"

"ನಂಬಬೇಡಿ. ನೋಡಿ." ಅತ್ತೆ ಅಳಿಯನ ಕಡೆ ಕೈ ಚಾಚಿದರು. "ಹೋಟೆಲಿಗೆ ಹಾಕಿದ್ರಲ್ಲ, ಆ ಹಸಿರು ಬಣ್ಣ? ಚೀಲದಲ್ಲಿದೆಯಾ? ಕೊಡಿ. ನಮ್ಮನೇಲಿ ಹಾಕ್ತೀನಿ."

"ಅತ್ತೆ, ಬೇಡ. ಇಡೀ ಊರು ನೋಡುತ್ತೆ."

"ನೋಡ್ಲಿ ಅಂತಾನೇ ಹಾಕೋದು. ಕೊಡಿ ಇತ್ಲಾಗೆ."

ಅಳಿಯ ಹೆಗಲ ಚೀಲದಿಂದ ಬಣ್ಣದ ಬಾಟಲಿ ತೆಗೆದು ಕೊಟ್ಟ. ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಂದಿಷ್ಟು ಬಣ್ಣ ಸುರಿಯಲು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಒಳಗಿದ್ದರು. ಕೊನೆಗೆ ಫ್ಲಶ್ ಸದ್ದು ಕೇಳಿಸಿತು. ಬೀದಿಗೆ ಬೀದಿಯೇ ತಡೆಗೋಡೆಗೆ ಓಡಿತು, ಮೇಷ್ಟ್ರೊಬ್ಬರನ್ನು ಬಿಟ್ಟು. ಅವರು ತಮ್ಮ ಮನೆಯ ಕಡೆ ಓಡಿದರು.

ಪೈಪಿನ ಬಾಯಿ ಒಣಗಿಯೇ ಇತ್ತು. ಮೇಡಂ ಕೈ ಕಟ್ಟಿಕೊಂಡು ನಿಂತರು. ರಸ್ತೆ ಅಗೆದವರು ನಿಜವಾಗಿ ಸರಿಯಾಗಿಯೇ ಜೋಡಿಸಿದ್ದರೆ? ಅತ್ತೆ ನೋಡಿದ್ದು ಬೇರೆ ಪೈಪಾಗಿದ್ದರೆ? ಪೈಪು ಒಂದು ಸಲ ಗೊಳಗೊಳ ಎಂದಿತು. ಆಮೇಲೆ ಅದರ ತುಟಿಯಿಂದ ಹಸಿರು ನೀರು ಧುಮುಕಿ, ಚಿಪ್ಪಿನಕ್ಕನ ಹಗ್ಗಗಳ ನಡುವೆ ಹರಡಿತು. ಬಣ್ಣವೊಂದೇ ಬರಲಿಲ್ಲ. ಅತ್ತೆ ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡುವವರಲ್ಲ.

ಎಲ್ಲರೂ ನೋಡಿದರು. ಮೇಲಿನ ಬೀದಿಯವರು ನೋಡಿದರು, ಹೋಟೆಲಿನ ಅಡುಗೆಯವರು ನೋಡಿದರು. ಅತ್ತೆ ತಡೆಗೋಡೆಯ ಮುಂದೆ ಸೀರೆ ಸೆರಗು ಸರಿಮಾಡಿಕೊಂಡು, ತಲೆ ತಗ್ಗಿಸದೆ ನಿಂತಿದ್ದರು.

"ನಮ್ಮನೇದು," ಎಂದರು.

ಅಳಿಯನ ಕಣ್ಣಲ್ಲಿ ನೀರು ತುಂಬಿಕೊಂಡಿತು. ಅಲ್ಲಿದ್ದ ಯಾರಿಗಾದರೂ ಆ ಹೊತ್ತಿನಲ್ಲಿ ಕಣ್ಣಲ್ಲಿ ನೀರು ಬಂದದ್ದಕ್ಕೆ ಬೇರೆ ಕಾರಣವೂ ಇರಬಹುದಿತ್ತು, ಗಾಳಿ ಈ ಕಡೆಗೇ ಬೀಸುತ್ತಿತ್ತು. ಆದರೆ ಅವನು ಅತ್ತದ್ದು ಅತ್ತೆಗಾಗಿ.

"ಅಯ್ಯಯ್ಯೋ, ನನ್ನ ಹಗ್ಗ!" ಎಂದು ಚಿಪ್ಪಿನಕ್ಕ ಎದೆ ಬಡಿದುಕೊಂಡಳು. "ದೊಡ್ಡಮ್ಮಾ, ಸಮುದ್ರಕ್ಕೆ ಅಂದ್ರೆ ಎಲ್ಲೋ ದೂರಕ್ಕೆ ಅಂದ್ಕೊಂಡಿದ್ದೆ, ನಿಮ್ಮನೇದು ನನ್ನ ಚಿಪ್ಪಿನ ಮೇಲಾ? ವರ್ಷ ಪೂರ್ತಿ ಇದನ್ನೇನಾ ನಾನು ಮಾರಿದ್ದು? ಇದನ್ನೇನಾ ನಾವೆಲ್ಲ ತಿಂದಿದ್ದು?"

"ನಮ್ಮನೇದು ಒಂದೇ ಅಲ್ವೇ," ಎಂದರು ಅತ್ತೆ. "ನಿನ್ನದೂ ಇತ್ತು."

ಅಷ್ಟರಲ್ಲಿ ಹಗುರಾದ ಮುಖದಲ್ಲಿ ಮೇಷ್ಟ್ರು ಬಂದರು. ದೊಡ್ಡಮ್ಮ ಒಬ್ಬರೇ ಜನರೆದುರು ನಿಂತಿರುವುದು ಅವರ ಕಣ್ಣಿಗೆ ಬಿತ್ತು. "ಆ ಬಣ್ಣ ಇನ್ನೂ ಉಳಿದಿದ್ಯೇನಪ್ಪಾ?" ಎಂದು ಅಳಿಯನನ್ನು ಕೇಳಿದರು. "ಇದ್ರೆ ನಮ್ಮನೆಗೂ ಹಾಕು. ದೊಡ್ಡಮ್ಮನದ್ದು ಒಂದೇ ಯಾಕೆ ಬರಬೇಕು?"

"ನಮ್ಮನೆಗೂ," ಎಂದ ಅವರನ್ನು ಹಿಡಿದು ನಡೆಸಿದ್ದವನು. "ನಮಗೂ ಇರಲಿ," ಎಂದಿತು ಇನ್ನೊಂದು ದನಿ. ಚಿಪ್ಪಿನಕ್ಕ ಮೂಗೊರೆಸಿಕೊಂಡು, "ನನಗೆ ಮೊದಲು ಹಾಕಿ, ನನ್ನ ಹಗ್ಗದ ಮೇಲೆ ನಂದೇ ಬೀಳ್ಲಿ," ಎಂದಳು. ಬೆಳಗಿನ ಬಿಸಿಲೇರುವ ಹೊತ್ತಿಗೆ ಬಣ್ಣ ಖಾಲಿಯಾಗಿತ್ತು. ಕೊಲ್ಲಿಯ ಆ ಮೂಲೆ ಹುಲ್ಲುಗಾವಲಿನಷ್ಟು ಹಸಿರಾಗಿತ್ತು.

ಮೇಡಂ ತಮ್ಮ ದೊಡ್ಡ ಬೂಟಿನಲ್ಲಿ ನೀರಿಗಿಳಿದು ಬಾಟಲಿ ತುಂಬಿಸಿದರು. ಮೇಲೆ ಬಂದು, ಒಂದು ಸಲ ಜೋರಾಗಿ ಸೀನಿ, ಅಳಿಯನಿಗೆ ಹೇಳಿದರು: "ನೀವು ಸುಳ್ಳು ಬರೆದಿಲ್ಲ. ಅದನ್ನ ನಾನೇ ಬರೆದುಕೊಡ್ತೀನಿ. ಆದ್ರೆ ಸುಳಿವು ಕೊಟ್ಟಿದ್ದು ನಿಮ್ಮ ಐಸೇ. ನಿಮ್ಮ ಕಚೇರಿಗೆ ಫ್ರಿಜ್ ಕಳಿಸ್ತೀನಿ." ಹೊರಡುವ ಮುಂಚೆ ಅತ್ತೆಯ ಹತ್ತಿರ ಹೋಗಿ ದನಿ ತಗ್ಗಿಸಿದರು. "ನಿಮ್ಮ ಕೊಲ್ಲಿಯ ಚಿಪ್ಪು ತಿಂದು ನಾನು ಒಂದು ವಾರ ಕಚೇರಿಗೆ ಹೋಗಲಿಲ್ಲ. ಅಲ್ಲಿ ತಲೆನೋವು ಅಂತ ಹೇಳಿದ್ದೆ."

"ಮತ್ತಿನ್ನೇನು ಹೇಳೋಕಾಗುತ್ತೆ," ಎಂದರು ಅತ್ತೆ.

ಅವತ್ತೇ ಕೊಲ್ಲಿಗೆ ಬೀಗ ಬಿತ್ತು. ಚಿಪ್ಪು ತೆಗೆಯುವಂತಿಲ್ಲ, ಮಾರುವಂತಿಲ್ಲ. ಚಿಪ್ಪಿನಕ್ಕ ಹಗ್ಗಗಳನ್ನು ದೋಣಿಗೇರಿಸಿ ಕೊಲ್ಲಿಯ ಆಚೆ ದಡಕ್ಕೆ ಒಯ್ದಳು. ಹಗ್ಗ ಎಳೆಯಲು ಇಡೀ ಬೀದಿ ಹೋಯಿತು, ಹೋಗದಿದ್ದರೆ ಅವಳು ಬಿಡುತ್ತಿದ್ದಳೇ? ರಸ್ತೆ ಮತ್ತೆ ಅಗೆದರು. ಈ ಸಲ ಅಗೆಯುವವರ ತಲೆ ಮೇಲೆ ಅತ್ತೆ ಕೊಡೆ ಹಿಡಿದು ನಿಂತರು. ಪೈಪು ಸರಿಯಾದ ಬಾಯಿಗೆ ಸೇರುವವರೆಗೆ ಯಾರಿಗೂ ಟೀ ಕೊಡಲಿಲ್ಲ.

ಕೊಲ್ಲಿ ತೆರೆಯಬಹುದೇ ಎಂದು ನೋಡುವ ಪರೀಕ್ಷೆಯ ಹಿಂದಿನ ಸಂಜೆ ಅಳಿಯ ಐಸ್ ಪ್ಯಾಕು ಹಿಡಿದು ಅಡುಗೆಮನೆಗೆ ಬಂದ.

"ಕಚೇರಿ ಹೊಸ ಫ್ರಿಜ್ಜೂ ಕೆಟ್ಟೋಯ್ತಾ?" ಎಂದರು ಅತ್ತೆ.

"ಇಲ್ಲ ಅತ್ತೆ. ಚೆನ್ನಾಗಿದೆ. ನಿಮಗೆ ಗೊತ್ತಾಗಲಿ ಅಂತ ಇಲ್ಲಿ ಇಡ್ತಿದ್ದೀನಿ. ನಾಳೆ ಯಾರೂ ಬಸ್ ಸ್ಟ್ಯಾಂಡಿಗೆ ಹೋಗಬಾರದು."

ಅತ್ತೆ ಡಬ್ಬಿ ಸರಿಸಿ ಜಾಗ ಮಾಡಿಕೊಟ್ಟರು. ಕೆಂಪು ಟವೆಲ್ ಅದ್ದಿದರು, ಈ ಸಲ ಅದರ ಅರ್ಥ ತಿರುಗುಮುರುಗು ಎಂದು ಮನೆಮನೆಗೆ ಹೇಳಿಯೂ ಬಂದರು.

ಬೆಳಿಗ್ಗೆ ಅವನು ಬೂಟು ಹಾಕಿಕೊಂಡು ನೀರಿನಲ್ಲಿ ನಿಂತಿದ್ದಾಗ ಬೀದಿಯ ಮನೆಗಳಿಂದ ಒಂದಾದ ಮೇಲೊಂದು ಫ್ಲಶ್ ಸದ್ದು ಕೇಳಿಬಂತು. ಪೈಪಿನ ಬಾಯಿ ಒಣಗಿಯೇ ಇತ್ತು. ತಡೆಗೋಡೆಯ ಮೇಲಿನಿಂದ ಅತ್ತೆ ಬಗ್ಗಿ ಕೂಗಿದರು. "ಎಲ್ಲರದ್ದೂ ಆಯ್ತು ಅಳಿಯಂದ್ರೇ! ಮೇಷ್ಟ್ರದ್ದು ಒಂದು ಬಾಕಿ. ಸ್ವಲ್ಪ ತಡೀರಿ!" ಅಳಿಯ ಬಾಟಲಿ ಹಿಡಿದುಕೊಂಡು ಕಾದ. ಮೇಷ್ಟ್ರದ್ದೂ ಆದ ಮೇಲೆ, ಇನ್ನೂ ಸ್ವಲ್ಪ ಹೊತ್ತು ನಿಂತು, ಬಾಗಿ ನೀರು ಹಿಡಿದ. ಪರೀಕ್ಷೆಗೆಂದು ಚಿಪ್ಪಿನಕ್ಕ ಕೆಲವು ವಾರಗಳ ಹಿಂದೆಯೇ ವಾಪಸ್ ತಂದು ಕಟ್ಟಿದ್ದ ಹಗ್ಗದಿಂದ ಒಂದು ಹಿಡಿ ಚಿಪ್ಪನ್ನೂ ಕಿತ್ತುಕೊಂಡ.

ಫಲಿತಾಂಶ ಬಂದ ದಿನ ಅವನು ಮನೆಗೆ ಬರುವಷ್ಟರಲ್ಲಿ ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಏನಂತು ನಿಮ್ಮ ಯಂತ್ರ?"

"ಚೊಕ್ಕವಾಗಿದೆ ಅಂತು ಅತ್ತೆ. ನೀರೂ ಚೊಕ್ಕ, ಚಿಪ್ಪೂ ಚೊಕ್ಕ. ಮನುಷ್ಯರದ್ದು ಏನೇನೂ ಇಲ್ಲ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಒಳಗೆ ಹೋಗಲು ತಿರುಗಿದವರು ಮತ್ತೆ ನಿಂತರು.

"ಯಾರ ಮನೆ ಅಂತ ಹೇಳಿತಾ?"

"ಇಲ್ಲ ಅತ್ತೆ. ಅದು ಮನೆ ಹೆಸರು ಹೇಳಲ್ಲ ಅಂದ್ನಲ್ಲ."

"ಇದೊಂದು ಸಲ ಹೇಳಬಹುದಿತ್ತು," ಎಂದರು ಅತ್ತೆ.